ಪೂಜೆ ನಿಂತ ಗುಡಿಯ ಋಣ

ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆಯಲ್ಲಿರುವ ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಮತ್ತು ಐಹೊಳೆಗಳು ಒಂದೇ ಹಗಲಿನಲ್ಲಿ ನೋಡಿ ಮುಗಿಸಬಹುದಾದಷ್ಟು ಹತ್ತಿರ ಹತ್ತಿರ ಇವೆ. ಬೆಳಿಗ್ಗೆ ಬಾದಾಮಿಯ ಮೇಣಬಸದಿಗಳೆಂಬ ಗುಹಾಲಯಗಳನ್ನು ಹತ್ತಿ ಇಳಿದು, ಮಹಾಕೂಟದ ಹೊಂಡದ ಬಳಿ ಬುತ್ತಿ ಬಿಚ್ಚಿ, ಮಧ್ಯಾಹ್ನ ಪಟ್ಟದಕಲ್ಲನ್ನು ಕಂಡು, ಹೊತ್ತು ಮುಳುಗುವುದರೊಳಗೆ ಐಹೊಳೆಯ ಮೇಗುಟಿ ಗುಡ್ಡವನ್ನು ಏರುವ ಈ ಸಂಚಾರವನ್ನು ಶಾಲೆಯ ಮಕ್ಕಳಿಂದ ಹಿಡಿದು ಪರದೇಶದ ವಿದ್ವಾಂಸರವರೆಗೆ ಎಲ್ಲ ಬಗೆಯ ಜನ ಮಾಡುತ್ತಾರೆ. ಇವರಲ್ಲಿ ಬಹುಪಾಲು ಜನರ ನಡವಳಿಕೆಯಲ್ಲಿ ಒಂದು ವಿಚಿತ್ರವುಂಟು. ಪಟ್ಟದಕಲ್ಲಿನ ವಿರೂಪಾಕ್ಷನ ಗರ್ಭಗೃಹದೆದುರು ನಿಂತು ಕೈ ಮುಗಿದು, ತೀರ್ಥ ತೆಗೆದುಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡ ವ್ಯಕ್ತಿಯೇ ಅದೇ ಅಂಗಳದ ಗಳಗನಾಥ ಗುಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕುಳಿತು ಫೋಟೋ ತೆಗೆಸಿಕೊಳ್ಳುತ್ತಾನೆ. ಎರಡೂ ಗುಡಿಗಳ ಕಲ್ಲು ಒಂದೇ, ದೇವರೂ ಶಿವನೇ. ವ್ಯತ್ಯಾಸವಿರುವುದು ಒಂದರಲ್ಲಿ ದೀಪ ಉರಿಯುತ್ತಿದೆ, ಇನ್ನೊಂದರಲ್ಲಿ ಇಲ್ಲ ಎಂಬಷ್ಟರಲ್ಲಿ. ಪಾವಿತ್ರ್ಯವು ಸ್ಥಳದ ಗುಣವಾಗಿದ್ದರೆ ದೀಪ ಆರಿದಾಗ ಅದು ಎಲ್ಲಿಗೆ ಹೋಯಿತು, ಪೂಜೆಯ ಗುಣವಾಗಿದ್ದರೆ ಬಂಡೆ, ಹೊಳೆ, ಸೆಲೆಗಳನ್ನು ಹುಡುಕಿಕೊಂಡು ಹೋಗಿ ಅಲ್ಲಿಯೇ ಗುಡಿ ಕಟ್ಟುವ ಅಗತ್ಯವೇನಿತ್ತು ಎಂಬ ಪ್ರಶ್ನೆಯನ್ನು ಈ ನಡವಳಿಕೆ ಎತ್ತುತ್ತದೆ. ಅದನ್ನು ಜನರ ಅಸಡ್ಡೆಯೆಂದು ತಳ್ಳಿಹಾಕುವುದು ಸರಿಯಾಗದು.

ಭಾರತೀಯ ಪರಂಪರೆಯಲ್ಲಿ ಈ ಪ್ರಶ್ನೆಗೆ ಒಂದು ಹಳೆಯ ಉತ್ತರವಿದೆ. ತೀರ್ಥವೆಂದರೆ ದಾಟುವ ಜಾಗ, ಅಂದರೆ ಇಹದಿಂದ ಪರಕ್ಕೆ ಹೆಜ್ಜೆಯಿಡಲು ಅನುವಾದ ಕಡವು. ಅದಕ್ಕೆ ಪುಣ್ಯತ್ವ ಹೇಗೆ ಬಂದಿತೆಂಬುದನ್ನು ಮಹಾಭಾರತದ ಅನುಶಾಸನ ಪರ್ವವು ವಿಚಾರಿಸುತ್ತ ಮೂರು ಕಾರಣಗಳನ್ನು ಹೇಳುತ್ತದೆ. ನೆಲದ ಅದ್ಭುತ ಪ್ರಭಾವ ಮೊದಲನೆಯದು, ನೀರಿನ ತೇಜಸ್ಸು ಎರಡನೆಯದು, ಮುನಿಗಳ ಪರಿಗ್ರಹ, ಎಂದರೆ ತಿಳಿದವರು ಆ ಸ್ಥಳವನ್ನು ತಮ್ಮದೆಂದು ಒಪ್ಪಿಕೊಂಡು ಸ್ವೀಕರಿಸಿದ್ದು, ಮೂರನೆಯದು. ಅದೇ ಸಂದರ್ಭದಲ್ಲಿ ಸತ್ಯ, ಕ್ಷಮೆ, ಇಂದ್ರಿಯ ನಿಗ್ರಹ ಮೊದಲಾದವುಗಳನ್ನು ಮಾನಸ ತೀರ್ಥಗಳೆಂದು ಎಣಿಸಿ, ಅವುಗಳಲ್ಲಿ ಮೀಯದವನಿಗೆ ಹೊರಗಿನ ನೀರಿನಿಂದ ಹೆಚ್ಚೇನೂ ದಕ್ಕದೆಂಬ ಎಚ್ಚರಿಕೆಯೂ ಬರುತ್ತದೆ. ಈ ಉತ್ತರದ ವಿಶೇಷವೆಂದರೆ ಅದು ಪ್ರಕೃತಿಯನ್ನೂ ಮನುಷ್ಯನನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ. ಮೂರು ಕಾರಣಗಳಲ್ಲಿ ಯಾವುದು ಹಿರಿದೆಂದು ಅದು ಹೇಳುವುದಿಲ್ಲ. ಮಲಪ್ರಭೆಯ ದಂಡೆಯ ಒಂದು ಹಗಲಿನ ನೋಟಗಳನ್ನು ಒರೆಗಲ್ಲಾಗಿ ಇಟ್ಟುಕೊಂಡರೆ ಆ ತಾರತಮ್ಯ ತಕ್ಕಮಟ್ಟಿಗೆ ಗೋಚರಿಸುತ್ತದೆ.

ನೆಲದ ಅದ್ಭುತಕ್ಕೆ ಬಾದಾಮಿಯಲ್ಲಿ ಕೊರತೆಯಿಲ್ಲ. ಅಗಸ್ತ್ಯತೀರ್ಥವೆಂಬ ಕೆರೆಯ ಎರಡೂ ಬದಿಗೆ ಕಡಿದಾಗಿ ಎದ್ದು ನಿಂತಿರುವ ಕೆಂಪು ಮರಳುಗಲ್ಲಿನ ಬಂಡೆಗಳು, ಕನ್ನಡ ನಾಡಿನಲ್ಲಿ ಮನುಷ್ಯನ ಸುಳಿವೇ ಇಲ್ಲದ, ಗಿಡಮರಗಳೂ ಹುಟ್ಟಿರದ ಕಾಲದಲ್ಲಿ ಹರಿಯುವ ನೀರು ತಂದು ಸುರಿದ ಮರಳು ಗಟ್ಟಿಯಾಗಿ ಆದಂಥವು. ಹೋಳುಗಳಲ್ಲಿ ಆ ನೀರಿನ ಅಲೆಗಳು ಬಿಟ್ಟುಹೋದ ಗೆರೆಗಳನ್ನು ಇಂದಿಗೂ ಕಾಣಬಹುದು. ಇಲ್ಲಿಂದ ಗುಡ್ಡದ ಮೇಲಿನ ಕಾಲುದಾರಿ ಹಿಡಿದು ಮಹಾಕೂಟದತ್ತ ನಡೆದರೆ ಸಿಗುವ ಸಿದ್ಲಫಡಿಯೆಂಬ ಕಲ್ಲಾಸರೆಯಲ್ಲಿ ಇತಿಹಾಸಪೂರ್ವ ಕಾಲದ ಮನುಷ್ಯರು ತಂಗಿ ಚಿತ್ರ ಬರೆದಿದ್ದಾರೆ. ಆದರೂ ಅದ್ಭುತವೊಂದೇ ಸಾಲದು ಎಂಬುದಕ್ಕೆ ಈ ಗುಡ್ಡಸಾಲೇ ಸಾಕ್ಷಿ. ಇದೇ ಬಣ್ಣದ, ಇಷ್ಟೇ ಎತ್ತರದ ಬಂಡೆಗಳು ಬಾದಾಮಿಯ ಆಚೆಗೂ ಮೈಲುಗಟ್ಟಲೆ ಹಬ್ಬಿವೆ. ಅವುಗಳಲ್ಲಿ ಬಹುಪಾಲು ಯಾರ ಹರಕೆಯನ್ನೂ ಹೊತ್ತಿಲ್ಲ. ಅಗಸ್ತ್ಯನು ವಾತಾಪಿಯನ್ನು ಜೀರ್ಣಿಸಿಕೊಂಡ ಕಥೆಯನ್ನು ಈ ಕೆರೆಗೆ ತಂದು ಕಟ್ಟಿದ ಮೇಲೆಯೇ ಮಳೆನೀರಿನ ಈ ಕೆರೆ ತೀರ್ಥವೆನಿಸಿದ್ದು, ಮತ್ತು ತೀರ್ಥವೆನಿಸಿದ ಮೇಲೂ ಊರಿನ ಹೆಂಗಸರು ಅದರ ಪಾವಟಿಗೆಗಳ ಮೇಲೆ ಬಟ್ಟೆ ಒಗೆಯುವುದನ್ನು ಬಿಡಲಿಲ್ಲ. ಕಥೆ ಸ್ಥಳವನ್ನು ಮಾತಿಗೆ ಎಳೆಯುತ್ತದೆ, ಅದಕ್ಕೊಂದು ಹೆಸರು ಕೊಡುತ್ತದೆ; ಬಂದವನಿಂದ ಏನನ್ನಾದರೂ ಕೇಳುವ ಶಕ್ತಿ ಸ್ಥಳಕ್ಕೆ ಬರಬೇಕಾದರೆ ಇನ್ನೂ ಏನೋ ನಡೆಯಬೇಕು.

ಆ 'ಏನೋ' ನಡೆದ ದಾಖಲೆ ಮೂರನೆಯ ಮೇಣಬಸದಿಯಲ್ಲಿದೆ. ಶಕ 500, ಎಂದರೆ ಕ್ರಿ.ಶ. 578ರಲ್ಲಿ, ಚಾಲುಕ್ಯ ದೊರೆ ಒಂದನೆಯ ಕೀರ್ತಿವರ್ಮನ ಆಳ್ವಿಕೆಯಲ್ಲಿ ಅವನ ತಮ್ಮ ಮಂಗಲೇಶನು ಬಂಡೆಯನ್ನು ಕೊರೆಯಿಸಿ ವಿಷ್ಣುವಿಗೆ ಈ ಮನೆಯನ್ನು ಮಾಡಿಸಿದನು. ಅಲ್ಲಿನ ಸಂಸ್ಕೃತ ಶಾಸನವು ಈ ಕೆಲಸವನ್ನು ಮನುಷ್ಯಶಕ್ತಿಗೆ ಮೀರಿದ ಅದ್ಭುತವೆಂದು ಹೊಗಳಿ, ಅದರ ಪುಣ್ಯಫಲ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ಬಿಟ್ಟುಕೊಡುತ್ತದೆ. ಇದರ ಜೊತೆಗಿರುವ ಚಿಕ್ಕ ಕನ್ನಡ ಶಾಸನ ಇನ್ನೂ ಕುತೂಹಲಕರವಾದುದು. ಕಲ್ಲಿನ ಈ ಮನೆಗೆ ಲಂಜಿಗೇಸರವೆಂಬ ಊರನ್ನು ಬಿಟ್ಟುಕೊಟ್ಟು, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೆ ಒಂದು ಪಾಲನ್ನು ಗೊತ್ತುಮಾಡಿ, ಇದನ್ನು ಅಳಿದವನು ಪಂಚಮಹಾಪಾತಕಿಯಾಗಿ ಏಳನೆಯ ನರಕದ ಹುಳುವಾಗಲೆಂದು ಅದು ಶಪಿಸುತ್ತದೆ. ದಾನಶಾಸನಗಳ ಕೊನೆಯಲ್ಲಿ ಬರುವ ಇಂಥ ಮಾತಿಗೆ ಶಾಪಾಶಯವೆಂದು ಹೆಸರು. ಶಾಸನಶಾಸ್ತ್ರದ ಪುಸ್ತಕಗಳಲ್ಲಿ ಇದನ್ನು ಒಂದು ರೂಢಿಯ ಒಕ್ಕಣೆಯೆಂದು ಗುರುತಿಸಿ ಮುಂದೆ ಹೋಗುವುದುಂಟು. ಧರ್ಮಜಿಜ್ಞಾಸೆಯ ದೃಷ್ಟಿಯಿಂದ ನೋಡಿದರೆ ಶಾಸನದ ತಿರುಳು ಇರುವುದು ಇಲ್ಲಿಯೇ ಎಂದು ತೋರುತ್ತದೆ. ಕೊಟ್ಟವನಿಗೆ ತನ್ನ ಆಯುಸ್ಸಿನ ಮಿತಿ ಗೊತ್ತಿದೆ, ತನ್ನ ವಂಶ ಅಳಿಯಬಹುದೆಂಬುದೂ ಗೊತ್ತಿದೆ. ಆದ್ದರಿಂದ ಅವನು ಇನ್ನೂ ಹುಟ್ಟದವರನ್ನು, ಹೆಸರು ತಿಳಿಯದವರನ್ನು, ಎಂದೋ ಒಂದು ದಿನ ಈ ಮೆಟ್ಟಿಲು ಹತ್ತಿ ಬರುವ ಯಾರನ್ನೇ ಆಗಲಿ, ಒಂದು ಹೊಣೆಗೆ ಕಟ್ಟಿಹಾಕಲು ಯತ್ನಿಸುತ್ತಾನೆ. ಅನುಶಾಸನ ಪರ್ವ ಹೇಳುವ ಪರಿಗ್ರಹವೆಂದರೆ ಇದೇ ಇರಬೇಕು: ಸ್ಥಳವನ್ನು ಒಪ್ಪಿಕೊಂಡವರು ಅದರ ಋಣವನ್ನೂ ಒಪ್ಪಿಕೊಳ್ಳುತ್ತಾರೆ, ಮತ್ತು ಅದನ್ನು ಮುಂದಿನವರ ತಲೆಗೂ ಕಟ್ಟಿ ಹೋಗುತ್ತಾರೆ.

ಇಂದು ಆ ಗರ್ಭಗೃಹ ಬರಿದಾಗಿದೆ. ಊರಿನ ದತ್ತಿಯಿಲ್ಲ, ಮಾಲೆಗಾರರ ಪಾಲಿಲ್ಲ, ಹೂವೂ ಇಲ್ಲ. ಪಡಸಾಲೆಯ ವಿಷ್ಣು ಮಾತ್ರ ಸುರುಳಿ ಸುತ್ತಿದ ಶೇಷನ ಮೇಲೆ ಮೊದಲಿನಂತೆಯೇ ಕುಳಿತಿದ್ದಾನೆ. ಮಂಗಲೇಶನ ಮಾತನ್ನು ಅಕ್ಷರಶಃ ತೆಗೆದುಕೊಂಡರೆ ಕಳೆದ ಎಷ್ಟೋ ಶತಮಾನಗಳ ಕನ್ನಡಿಗರೆಲ್ಲ ಏಳನೆಯ ನರಕಕ್ಕೆ ಅರ್ಹರಾಗಿದ್ದಾರೆ, ಟಿಕೆಟ್ ಕೊಂಡು ಒಳಗೆ ಹೋಗುವವರನ್ನೂ ಸೇರಿಸಿ.

ಪೂಜೆ ನಿಂತಾಗ ನಿಜವಾಗಿ ಏನಾಗುತ್ತದೆಂಬುದರಲ್ಲಿ ದರ್ಶನಗಳು ಒಮ್ಮತದಲ್ಲಿಲ್ಲ. ಗುಡಿ, ಮೂರ್ತಿ, ಪೂಜೆಗಳ ವಿಧಾನವನ್ನು ಹೇಳುವ ಆಗಮಗಳ ಪ್ರಕಾರ ಪ್ರಾಣಪ್ರತಿಷ್ಠೆಯಿಂದ ಮೂರ್ತಿಯಲ್ಲಿ ದೇವತೆಯ ಸಾನ್ನಿಧ್ಯವುಂಟಾಗುತ್ತದೆ. ಮೂರ್ತಿ ಭಿನ್ನವಾದರೆ, ನಿತ್ಯಕರ್ಮ ದೀರ್ಘಕಾಲ ತಪ್ಪಿದರೆ, ಅದು ತೊಲಗುತ್ತದೆ, ಮತ್ತೆ ಬರಬೇಕಾದರೆ ಜೀರ್ಣೋದ್ಧಾರವೆಂಬ ಸಂಸ್ಕಾರ ಆಗಬೇಕು. ಸ್ವಯಂಭೂ ಲಿಂಗಗಳಿಗೆ, ಎಂದರೆ ಮನುಷ್ಯನ ಉಳಿ ತಾಗದೆ ನೆಲದಿಂದ ತಾನಾಗಿ ಮೂಡಿದವೆಂದು ನಂಬಲಾದವುಗಳಿಗೆ, ಆಗಮಗಳು ಈ ನಿಯಮವನ್ನು ಸಡಿಲಿಸುತ್ತವೆ. ಅವು ಒಡೆದರೂ ಬಿಸಾಡುವಂತಿಲ್ಲ. ಶ್ರೀವೈಷ್ಣವರ ಅರ್ಚಾವತಾರದ ಕಲ್ಪನೆ ಇನ್ನೂ ಒಂದು ಹೆಜ್ಜೆ ಮುಂದಿದೆ: ಭಗವಂತನು ಮೂರ್ತಿಯ ರೂಪದಲ್ಲಿ ಇಳಿದು ಬಂದಾಗ ತನ್ನ ಸ್ವಾತಂತ್ರ್ಯವನ್ನು ತಾನೇ ಬಿಟ್ಟುಕೊಟ್ಟು, ಸ್ನಾನಕ್ಕೂ ಅನ್ನಕ್ಕೂ ಅರ್ಚಕನ ಅಧೀನನಾಗುತ್ತಾನೆ. ಸರ್ವಶಕ್ತನು ಪರಾಧೀನನಾಗುವ ಈ ವಿಚಾರ ತತ್ತ್ವಶಾಸ್ತ್ರದ ಅತ್ಯಂತ ಧೀರ ಕಲ್ಪನೆಗಳಲ್ಲೊಂದು, ಏಕೆಂದರೆ ಅದು ಪಾವಿತ್ರ್ಯವನ್ನು ದೇವರ ಬಲದಲ್ಲಿಡದೆ ದೇವರ ನಿರೀಕ್ಷೆಯಲ್ಲಿ ಇಡುತ್ತದೆ. ಹೊತ್ತಿಗೆ ಹೂ ಬರದಿದ್ದರೆ ನಷ್ಟ ಭಕ್ತನೊಬ್ಬನದೇ ಆಗುವುದಿಲ್ಲ. ಜೈನರ ನಿಲುವು ಇದಕ್ಕೆ ತೀರ ವಿರುದ್ಧ. ಬಾದಾಮಿಯ ನಾಲ್ಕನೆಯ ಮೇಣಬಸದಿಯಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತ ಬಾಹುಬಲಿಗಾಗಲಿ ಅಲ್ಲಿನ ಜಿನರಿಗಾಗಲಿ ಯಾರ ಪೂಜೆಯಿಂದಲೂ ಆಗಬೇಕಾದುದಿಲ್ಲ. ರಾಗದ್ವೇಷಗಳನ್ನು ಕಳೆದುಕೊಂಡು ಸಿದ್ಧಪದವಿಗೆ ಏರಿದವರು ಕಲ್ಲಿನೊಳಕ್ಕೆ ಮರಳಿ ಬರುವುದಿಲ್ಲ, ಮೂರ್ತಿಯಿರುವುದು ನೋಡುವವನ ಭಾವಶುದ್ಧಿಗಾಗಿ. ಈ ತರ್ಕದಂತೆ ಪೂಜೆ ನಿಂತ ಬಸದಿಯಿಂದ ಏನೂ ಹೊರಟುಹೋಗಿಲ್ಲ, ನೋಡುವ ಕಣ್ಣು ಹದವಾಗಿದ್ದರೆ ಪ್ರವಾಸಿಗೂ ಶ್ರಾವಕನಿಗೂ ದೊರೆಯುವುದು ಒಂದೇ. ಒಂದೇ ಬಂಡೆಯ ಮೂರನೆಯ ಮತ್ತು ನಾಲ್ಕನೆಯ ಗುಹೆಗಳ ನಡುವೆ ಇಷ್ಟು ದೊಡ್ಡ ಭಿನ್ನಾಭಿಪ್ರಾಯವಿರುವುದನ್ನು ಮಾರ್ಗದರ್ಶಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಮಹಾಕೂಟದಲ್ಲಿ ಪ್ರಶ್ನೆಯ ಮುಖ ಬದಲಾಗುತ್ತದೆ. ಗುಡ್ಡಗಳ ನಡುವಿನ ಮರಗಳ ನೆರಳಲ್ಲಿ ವರ್ಷವಿಡೀ ಬತ್ತದ ಸೆಲೆಯೊಂದು ವಿಷ್ಣುಪುಷ್ಕರಿಣಿಯನ್ನು ತುಂಬುತ್ತದೆ, ಹೊಂಡದೊಳಗೇ ಇರುವ ಪುಟ್ಟ ಮಂಟಪದಲ್ಲಿ ಮುಖಲಿಂಗವಿದೆ, ಸುತ್ತಲೂ ಚಾಲುಕ್ಯರ ಗುಡಿಗಳು ಒತ್ತಾಗಿ ನಿಂತಿವೆ. ಇಲ್ಲಿಯೂ ಮಂಗಲೇಶನು ಕಂಬವೊಂದನ್ನು ನಿಲ್ಲಿಸಿ, ಮಕುಟೇಶ್ವರನಾಥನಿಗೆ ಕೊಟ್ಟ ದತ್ತಿಯನ್ನು ಬರೆಸಿದ್ದನು. ಆ ಧರ್ಮಜಯಸ್ತಂಭ ಈಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ಬಾದಾಮಿಯಲ್ಲಿ ಶಾಸನ ಉಳಿದು ಪೂಜೆ ಹೋಯಿತು, ಮಹಾಕೂಟದಲ್ಲಿ ಶಾಸನವನ್ನು ಬೇರೆಡೆಗೆ ಸಾಗಿಸಿದರೂ ಪೂಜೆ ಉಳಿಯಿತು. ಇದಕ್ಕೆ ಕಾರಣ ನೀರೆಂದು ಊಹಿಸುವುದು ತಪ್ಪಾಗಲಾರದು. ಬಂಡೆ ಬೆರಗು ಹುಟ್ಟಿಸುತ್ತದೆ, ಬೆರಗು ಒಂದೆರಡು ಸಲಕ್ಕೆ ತೀರುತ್ತದೆ. ನೀರಿನ ಅಗತ್ಯ ದಿನವೂ ಹುಟ್ಟುತ್ತದೆ. ಸೆಲೆಯ ನೀರಿಗೆ ಬಂದವನು ಮಿಂದು, ಮಿಂದವನು ಒದ್ದೆ ಬಟ್ಟೆಯಲ್ಲಿಯೇ ಮಹಾಕೂಟೇಶ್ವರನ ಬಾಗಿಲಿಗೆ ಹೋಗುವುದು ಇಲ್ಲಿನ ರೂಢಿಯಾಗಿದ್ದು, ದೇಹದ ತಂಪು ಎಲ್ಲಿ ಮುಗಿದು ಭಕ್ತಿ ಎಲ್ಲಿ ಆರಂಭವಾಯಿತೆಂದು ಗೆರೆ ಎಳೆಯಲಾಗದು. ಹೊಂಡಕ್ಕೆ ಧುಮುಕಿ ಕೇಕೆ ಹಾಕುವ ಹುಡುಗರನ್ನು ಕಂಡು ಮುಖ ಸಿಂಡರಿಸುವ ಪ್ರವಾಸಿಗಿಂತ ಆ ಹುಡುಗರೇ ತೀರ್ಥದ ಹಳೆಯ ಅರ್ಥಕ್ಕೆ ಹತ್ತಿರವಿದ್ದಾರೆ. ನೀರಿಗೆ ಇನ್ನೊಂದು ಮುಖವೂ ಇದೆ. ಪಟ್ಟದಕಲ್ಲಿನ ಬಳಿ ಮಲಪ್ರಭೆ ಉತ್ತರಕ್ಕೆ ತಿರುಗುವುದರಿಂದ, ಕಾಶಿಯ ಗಂಗೆಯಂತೆ ಉತ್ತರವಾಹಿನಿಯೆಂದು ಆ ದಂಡೆಗೆ ವಿಶೇಷ ಪುಣ್ಯವನ್ನು ಹೇಳಲಾಗುತ್ತದೆ. ಅದೇ ನದಿ 2019ರ ಆಗಸ್ಟಿನಲ್ಲಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳೊಳಕ್ಕೇ ನುಗ್ಗಿತು.

ಪಟ್ಟದಕಲ್ಲಿನ ಶಿಲ್ಪವೈಭವದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ, 1987ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದೆ. ಇಲ್ಲಿ ಬೇಕಾದುದು ವಿರೂಪಾಕ್ಷ ಗುಡಿಯ ಹಿಂದಿನ ಒಂದು ಘಟನೆ ಮಾತ್ರ. ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದುದರ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದ ನಡುಭಾಗದಲ್ಲಿ ಇದನ್ನು ಕಟ್ಟಿಸಿದಳು, ಆದ್ದರಿಂದಲೇ ಇದರ ಮೊದಲ ಹೆಸರು ಲೋಕೇಶ್ವರ. ಕಂಚಿಯ ಪಲ್ಲವರು ಕ್ರಿ.ಶ. 642ರಲ್ಲಿ ಬಾದಾಮಿಯನ್ನು ಹಿಡಿದು, ಅಲ್ಲಿನ ಬಂಡೆಯ ಮೇಲೆ ತಮ್ಮ ವಿಜಯದ ಶಾಸನವನ್ನು ಕೊರೆಯಿಸಿದ್ದರು. ಅದಕ್ಕೆ ಪ್ರತೀಕಾರ ತೀರಿಸಿಕೊಳ್ಳಲು ಸಕಲ ಅವಕಾಶವಿದ್ದ ವಿಕ್ರಮಾದಿತ್ಯನು ಕಂಚಿಯನ್ನು ಹೊಕ್ಕು, ರಾಜಸಿಂಹೇಶ್ವರದ, ಎಂದರೆ ಇಂದಿನ ಕೈಲಾಸನಾಥ ಗುಡಿಯ, ಭಂಡಾರವನ್ನು ಕಂಡು, ಅದನ್ನು ದೇವರಿಗೇ ಹಿಂದಿರುಗಿಸಿ, ಆ ಸಂಗತಿಯನ್ನು ಅಲ್ಲಿನ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದನು. ರಾಜಕೀಯ ಜಾಣತನ ಇದರಲ್ಲಿ ಇಲ್ಲವೆನ್ನಲಾಗದು, ಗೆದ್ದವನ ಔದಾರ್ಯಕ್ಕೂ ಒಂದು ಲೆಕ್ಕವಿರುತ್ತದೆ. ಆದರೆ ಆ ಜಾಣತನ ಫಲಿಸಬೇಕಾದರೂ ಗೆದ್ದವನು, ಸೋತವರು ಇಬ್ಬರೂ ಒಂದು ಮಾತನ್ನು ಮೊದಲೇ ಒಪ್ಪಿರಬೇಕು: ಶತ್ರುವಿನ ಗುಡಿಯೂ ತನ್ನಿಂದ ಏನನ್ನೋ ಕೇಳಬಲ್ಲದು. ಕಟ್ಟಿದವರು ಹಗೆಗಳು, ಆಡುವ ಭಾಷೆ ಬೇರೆ, ನೆಲ ಬೇರೆ. ಹಾಗಿದ್ದೂ ಅಲ್ಲಿನ ಋಣ ಹೊರಗಿನವನಿಗೆ ತಟ್ಟುತ್ತದೆ.

ಈಗಿನ ಕಾಲದಲ್ಲಿ ಆ ಋಣದ ಒಂದು ಭಾಗವನ್ನು ಸರ್ಕಾರ ವಹಿಸಿಕೊಂಡಿದೆ. ಪ್ರಾಚೀನ ಸ್ಮಾರಕಗಳ ಬಗೆಗಿನ 1958ರ ಕಾಯಿದೆಯು ಪೂಜೆಯಲ್ಲಿರುವ ಸಂರಕ್ಷಿತ ಗುಡಿಯನ್ನು ಅದರ ಸ್ವರೂಪಕ್ಕೆ ಒಗ್ಗದ ಕೆಲಸಕ್ಕೆ ಬಳಸಬಾರದೆಂದೂ, ಮಾಲಿನ್ಯದಿಂದ ಅದನ್ನು ಕಾಪಾಡಬೇಕೆಂದೂ ವಿಧಿಸುತ್ತದೆ. ಸಂರಕ್ಷಣೆಗೆ ತೆಗೆದುಕೊಂಡಾಗ ಪೂಜೆ ನಡೆಯುತ್ತಿದ್ದಲ್ಲಿ ಅದು ಮುಂದುವರಿಯುತ್ತದೆ, ನಿಂತಿದ್ದಲ್ಲಿ ಹೊಸದಾಗಿ ಆರಂಭವಾಗುವುದಿಲ್ಲ ಎಂಬುದು ಪುರಾತತ್ತ್ವ ಇಲಾಖೆಯ ನಡೆ. ವಿರೂಪಾಕ್ಷ, ಗಳಗನಾಥಗಳ ನಡುವಿನ ವ್ಯತ್ಯಾಸ ಹೀಗೆ ಶಾಶ್ವತವಾಯಿತು. ಆಡಳಿತಕ್ಕೆ ಇಂಥ ಗೆರೆ ಅಗತ್ಯವೆಂಬುದರಲ್ಲಿ ಸಂಶಯವಿಲ್ಲ, ಇಲ್ಲವಾದರೆ ಒಂದೊಂದು ಮೂರ್ತಿಗೂ ಎಣ್ಣೆ ಬಳಿಯುವವರ ಸರದಿ ನಿಲ್ಲುತ್ತದೆ, ಯಾವ ಪಂಥದವರು ಮೊದಲೆಂಬ ವ್ಯಾಜ್ಯವೂ ಹುಟ್ಟುತ್ತದೆ. ಆದರೆ ಕಾಯಿದೆ ಕಾಯುವುದು ಕಲ್ಲನ್ನು. ಮಂಗಲೇಶನು ಬಂದವರಿಗೆಲ್ಲ ಹೊರಿಸಿದ್ದ ಹೊಣೆಯನ್ನು ಅದು ಕಾವಲುಗಾರನೊಬ್ಬನಿಗೆ ವಹಿಸಿ, ಉಳಿದವರನ್ನು ಬಿಡುಗಡೆ ಮಾಡಿದೆ.

ಸ್ಥಳದ ಪಾವಿತ್ರ್ಯದ ಮೇಲೆ ಕನ್ನಡದಲ್ಲಿ ಬಂದ ಅತಿ ತೀಕ್ಷ್ಣವಾದ ವಿಮರ್ಶೆ ಈ ನದಿಯ ತುದಿಯಲ್ಲೇ ಇದೆ. ಐಹೊಳೆಯನ್ನು ದಾಟಿ ಹರಿಯುವ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿನ ಸಂಗಮೇಶ್ವರನನ್ನು ಅಂಕಿತವಾಗಿ ಇಟ್ಟುಕೊಂಡ ಬಸವಣ್ಣನವರು, ನಿಂತಲ್ಲೇ ನಿಂತ ಸ್ಥಾವರಕ್ಕೆ ಅಳಿವುಂಟೆಂದೂ, ಚಲಿಸುವ ಜಂಗಮಕ್ಕೆ ಅಳಿವಿಲ್ಲವೆಂದೂ, ದೇಹವನ್ನೇ ದೇಗುಲವಾಗಿಸಬಹುದೆಂದೂ ಪ್ರತಿಪಾದಿಸಿದರು. ಲಿಂಗವನ್ನು ಅಂಗದ ಮೇಲೆ ಧರಿಸಿದವನಿಗೆ ಯಾತ್ರೆಯ ಅಗತ್ಯವಿಲ್ಲ. ಹನ್ನೆರಡನೆಯ ಶತಮಾನದ ಈ ನಿಲುವು ಶತಮಾನಗಳಷ್ಟು ಹಳೆಯ ಚಾಲುಕ್ಯ ಗುಡಿಗಳನ್ನು ಕಣ್ಣೆದುರಿಗೆ ಇಟ್ಟುಕೊಂಡು ಆಡಿದ್ದೆಂಬುದನ್ನು ಮರೆಯುವಂತಿಲ್ಲ, ಏಕೆಂದರೆ ಆ ಹೊತ್ತಿಗಾಗಲೇ ಬಾದಾಮಿಯ ಅರಸರು ಹೋಗಿ ನಾಲ್ಕು ಶತಮಾನಗಳಾಗಿದ್ದವು, ಸ್ಥಾವರದ ಅಳಿವೆಂಬುದು ಊಹೆಯ ಮಾತಾಗಿರಲಿಲ್ಲ. ಆ ಬಸವಣ್ಣನವರು ಐಕ್ಯರಾದರೆಂಬ ತಾಣವೇ ಇಂದು ದೊಡ್ಡ ಕ್ಷೇತ್ರವಾಗಿದೆ, ನಾರಾಯಣಪುರ ಜಲಾಶಯದ ಹಿನ್ನೀರು ಸುತ್ತುವರಿದ ಐಕ್ಯಮಂಟಪಕ್ಕೆ ಜನ ಮೆಟ್ಟಿಲಿಳಿದು ಹೋಗಿ ನಮಸ್ಕರಿಸುತ್ತಾರೆ. ಇದನ್ನು ವಚನಕಾರರ ಸೋಲೆಂದು ನಗುವವರಿದ್ದಾರೆ. ಆ ನಗೆ ಅವಸರದ್ದು. ಶರಣರು ಋಣವನ್ನು ಅಲ್ಲಗಳೆಯಲಿಲ್ಲ, ಅದು ಸಲ್ಲಬೇಕಾದ ವಿಳಾಸವನ್ನು ಬದಲಿಸಿದರು. ಕಲ್ಲಿಗೆ ಸಲ್ಲುತ್ತಿದ್ದುದು ನಡೆದಾಡುವ ಮನುಷ್ಯನಿಗೆ, ಹಸಿದು ಬಂದ ಜಂಗಮಕ್ಕೆ ಸಲ್ಲಲಿ ಎಂದರು.

ಈ ವಿಳಾಸದ ಬದಲಾವಣೆ ಐಹೊಳೆಯಲ್ಲಿ ಒಂದು ಕಠಿಣ ಸಮಸ್ಯೆಯಾಗಿ ಎದುರು ನಿಲ್ಲುತ್ತದೆ. ಅಲ್ಲಿನ ಮೇಗುಟಿ ಗುಡ್ಡದ ನೆತ್ತಿಯಲ್ಲಿ ರವಿಕೀರ್ತಿಯು ಶಕ 556ರಲ್ಲಿ, ಎಂದರೆ ಕ್ರಿ.ಶ. 634ರಲ್ಲಿ, ಕಟ್ಟಿಸಿದ ಜಿನಾಲಯವಿದೆ. ಭಾರತ ಯುದ್ಧದಿಂದ 3735 ವರ್ಷ ಕಳೆದವೆಂದು ಲೆಕ್ಕವಿಟ್ಟು, ಕಾಳಿದಾಸ ಭಾರವಿಗಳ ಕೀರ್ತಿಗೆ ತನ್ನ ಕೀರ್ತಿ ಸಮವೆಂದು ಆತ ಅಲ್ಲಿ ಬರೆಯಿಸಿಕೊಂಡಿದ್ದಾನೆ. ಅದರ ಹಿಂಬದಿಯಲ್ಲಿ ಚಪ್ಪಡಿ ಕಲ್ಲುಗಳನ್ನು ನಿಲ್ಲಿಸಿ ಮೇಲೆ ಹಾಸುಗಲ್ಲು ಹೊದಿಸಿದ ಬೃಹತ್ ಶಿಲಾಯುಗದ ಸಮಾಧಿಗಳಿವೆ. ದೇವರಿಗೆ ಕಲ್ಲಿನ ಮನೆ ಕಟ್ಟುವುದಕ್ಕೆ ಎಷ್ಟೋ ಶತಮಾನ ಮೊದಲು ಈ ಗುಡ್ಡದಲ್ಲಿ ಸತ್ತವರಿಗೆ ಕಲ್ಲಿನ ಮನೆ ಕಟ್ಟಲಾಗಿತ್ತು. ಅವರ ಹೆಸರಾಗಲಿ, ಅವರು ಇಟ್ಟಿದ್ದ ಶಾಪವಾಗಲಿ ಯಾರಿಗೂ ತಿಳಿಯದು, ಆದ್ದರಿಂದ ಆ ಸಮಾಧಿಗಳ ಮುಂದೆ ಮೇಗುಟಿಗೆ ಬಂದವರು ನಿಲ್ಲುವುದೂ ಅಪರೂಪ. ಗುಡ್ಡದ ಕೆಳಗಿನ ಊರಲ್ಲಿ ನೂರಕ್ಕೂ ಹೆಚ್ಚು ಗುಡಿಗಳಿದ್ದು, ಪೂಜೆ ನಿಂತ ಮೇಲೆ ಅವುಗಳಲ್ಲಿ ಎಷ್ಟೋ ಗುಡಿಗಳು ಮನೆಗಳಾದವು. ಲಾಡಖಾನ ಗುಡಿಗೆ ಆ ಹೆಸರು ಬಂದುದು ಅಲ್ಲಿ ವಾಸವಿದ್ದವನಿಂದ. ದುರ್ಗ ಗುಡಿಯ ಹೆಸರು ದೇವಿಯದಲ್ಲ, ಪಕ್ಕದಲ್ಲಿದ್ದ ಕೋಟೆಯದು. ಆಗಮದ ದೃಷ್ಟಿಗೆ ಗುಡಿಯಲ್ಲಿ ಒಲೆ ಹೊತ್ತಿಸುವುದು ಅಪಚಾರ, ಪುರಾತತ್ತ್ವದ ದೃಷ್ಟಿಗೆ ಅದು ಅತಿಕ್ರಮಣ. ಎರಡೂ ತೀರ್ಪುಗಳು ಒಂದು ಸಂಗತಿಯನ್ನು ಗಮನಿಸುವುದಿಲ್ಲ: ದತ್ತಿ ಕೊಟ್ಟ ಅರಸರೂ, ಪೂಜೆ ಮಾಡಿದವರೂ ಕೈಬಿಟ್ಟ ಈ ಕಟ್ಟಡಗಳ ಮಾಡು ಸೋರಿದರೆ ತಲೆ ಕೆಡಿಸಿಕೊಳ್ಳುವವರು ಅಲ್ಲಿ ಮಲಗುತ್ತಿದ್ದವರೊಬ್ಬರೇ ಆಗಿದ್ದರು, ಮತ್ತು ಮನುಷ್ಯರು ಬಾಳುತ್ತಿದ್ದ ಗೋಡೆಯ ಕಲ್ಲನ್ನು ಇನ್ನೊಂದು ಮನೆಗೆ ಕಿತ್ತೊಯ್ಯುವುದು ಅಷ್ಟು ಸುಲಭವೂ ಆಗಿರಲಾರದು. ಮುನಿಗಳ ಪರಿಗ್ರಹದ ಪಕ್ಕದಲ್ಲಿ ಸಂಸಾರಿಗಳ ಈ ಪರಿಗ್ರಹಕ್ಕೂ ಒಂದು ಸ್ಥಾನವಿರಬೇಕು. ಗುಡಿಗಳ ಸುತ್ತ ಉಳಿದಿರುವ ಮನೆಗಳನ್ನು ಬೇರೆಡೆಗೆ ಸಾಗಿಸಿ ಐಹೊಳೆಯನ್ನು ಸ್ವಚ್ಛ ಸ್ಮಾರಕವಾಗಿಸುವ ಮಾತು ದಶಕಗಳಿಂದ ನಡೆದಿದ್ದು, ಅದರ ಪರವಾಗಿ ರಸ್ತೆ, ಚರಂಡಿ, ಒಳ್ಳೆಯ ಮನೆಗಳ ಬೇಡಿಕೆಯಂಥ ನ್ಯಾಯವಾದ ಕಾರಣಗಳೂ ಇವೆ. ಊರನ್ನು ತೆಗೆಯುವ ಮುನ್ನ ಯೋಜನೆ ಬರೆಯುವವರು ಪರಿಹಾರದ ಮೊತ್ತದ ಜೊತೆಗೆ ಇದನ್ನೂ ಉತ್ತರಿಸಬೇಕಾಗುತ್ತದೆ: ಐಹೊಳೆಯ ಗುಡಿಗಳ ಮೇಲೆ ಇಷ್ಟು ಕಾಲ ಹಕ್ಕನ್ನೂ ಹೊಣೆಯನ್ನೂ ಒಟ್ಟಿಗೆ ಇಟ್ಟುಕೊಂಡಿದ್ದ ಈ ಜನರಿಗೆ, ಹೊಸ ಬಡಾವಣೆಗೆ ಹೋದ ಮೇಲೆ, ಟಿಕೆಟ್ ಕೊಳ್ಳದೆ ಒಳಗೆ ಬರುವ ದಾರಿ ಉಳಿದಿರುತ್ತದೆಯೇ?